ಜೈಲಿನ ಕ್ಷೌರದ ಕುರ್ಚಿ

ಅಕ್ಕಾ,

ಕ್ಷೇಮವಾಗಿ ತಲುಪಿದೆ. "ದೇವರು ಕರೆದ ಅಂತ ಯಾರಾದ್ರೂ ಜೈಲಿಗೆ ಹೋಗ್ತಾರೇನೋ?" ಎಂದು ನೀನು ಬೈದದ್ದು ನೆನಪಾಗಿ, ಗೇಟಿನಿಂದ ಎರಡು ಸಲ ಹಿಂದಿರುಗಿದ್ದೆ. ಇವತ್ತು ನಾನು ಕೈದಿಗಳಿಗೆ ಕಲಿಸುವ ಕ್ಷೌರದ ಮೊದಲ ಪಾಠ. ಕೊಲೆ ಮಾಡಿ ಬಂದವನೊಬ್ಬ ಕತ್ತಿ ಹಿಡಿದು ನಿಂತ. ಅವನಿಗೆ ಗಡ್ಡ ಒಡ್ಡಲು ಯಾರೂ ಮುಂದೆ ಬರಲಿಲ್ಲ. ದೇವರ ಮೇಲೆ ಭಾರ ಹಾಕಿ ನಾನೇ ಕುರ್ಚಿಯಲ್ಲಿ ಕೂತು ಗದ್ದ ಎತ್ತಿದೆ. ಕತ್ತಿ ಗಂಟಲಿಗೆ ತಾಗಿತು. ಅವನು ಅಲ್ಲೇ ಕತ್ತಿ ನಿಲ್ಲಿಸಿದ.

"ಮೇಷ್ಟ್ರೇ, ನಿಮಗೆ ಭಯ ಆಗ್ತಿಲ್ವಾ?"

"ಜೀವ ಬಾಯಿಗೆ ಬಂದಿದೆ ಮಾರಾಯಾ. ಮಾತು ಬಿಟ್ಟು ನಿಧಾನಕ್ಕೆ ಎಳೀತಾ ಬಾ."

ಮುಗಿಯುವ ಹೊತ್ತಿಗೆ ಇಬ್ಬರ ಅಂಗಿಯೂ ಬೆವರಿನಲ್ಲಿ ತೊಯ್ದಿತ್ತು. ಕಿವಿಯ ಕೆಳಗೆ ಸಾಸಿವೆಯಷ್ಟು ಗಾಯವಾಗಿದೆ, ಪಟಿಕ ಒತ್ತಿದ್ದೇನೆ, ಗಾಬರಿಯಾಗಬೇಡ. ನಾನು ಏಳುತ್ತಿದ್ದಂತೆ ಬಾಗಿಲಲ್ಲಿದ್ದ ಕಾವಲುಗಾರ ಟೋಪಿ ತೆಗೆದಿಟ್ಟು, "ಈಗ ನನ್ನ ಗಡ್ಡ ಕಣಯ್ಯಾ" ಎಂದು ಅವನೆದುರು ಕೂತ.

ಕಾರ್ಡು ತುಂಬಿತು.
ನಿನ್ನ ತಮ್ಮ