ಒಂದು ದಿನ ಹಿಂದಕ್ಕೆ

ಆಗಸ್ಟ್ 4, ಬೆಳಿಗ್ಗೆ 9.10

ಬೆಟ್ಟ — ಸೊನ್ನೆ. ಮೇಲಿನ ಸೇತುವೆ — ಸೊನ್ನೆ. ನಮ್ಮ ತಾರಸಿಯ ಮಳೆಮಾಪಕ — ಸೊನ್ನೆ, ತಳದಲ್ಲಿ ಸತ್ತ ಜೇಡ. ಎಂಟೂವರೆಯ ಲೆಕ್ಕ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಹೀಗೆ ಆರನೇ ದಿನ.

ಲಿಫ್ಟಿನವನು ಕೇಳಿದ, “ಏನ್ ಮೇಡಂ, ಮಳೆಗಾಲ ಮುಗೀತಾ?” ಪೇಪರಿನವರು ಕೇಳಿದರು. ಹಾಲಿನವನೂ ಕೇಳಿದ. ಮುಗಿದಿಲ್ಲ ಮಾರಾಯರೇ. ಇದು ಬ್ರೇಕ್. ಮೋಡದ ಪಟ್ಟಿ ಉತ್ತರದ ದೊಡ್ಡ ಪರ್ವತಗಳ ಬುಡಕ್ಕೆ ಸರಿದು ಅಲ್ಲಿ ಸುರಿಯುತ್ತಿದೆ, ನಮಗೆ ಬಿಸಿಲು. ಇನ್ನು ಕೆಲವು ದಿನಕ್ಕೆ ಸಮಭಾಜಕದ ಹತ್ತಿರ, ಸಮುದ್ರದ ಮೇಲೆ, ಹೊಸ ಪಟ್ಟಿ ಹುಟ್ಟಿ ದಿನಕ್ಕೆ ನೂರು ಕಿಲೋಮೀಟರಿನಂತೆ ಇತ್ತ ಹೊರಡುತ್ತದೆ. ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಗೋಡೆಗೆ ಹೇಳಿದ ಹಾಗೆ.

ಹವಾಮಾನ ಬುಲೆಟಿನ್‌ನಲ್ಲಿ “ಬಿಡುವಿನ ನಂತರ ಭಾರೀ ಮಳೆಯ ಸಂಭವ” ಎಂದು ಬರೆದಿದ್ದೆ. ಸರಾಸರಿ ಸಾಹೇಬರು ಹೊಡೆದು ಹಾಕಿ “ವಾಡಿಕೆಯಂತೆ” ಎಂದು ತಿದ್ದಿದರು. ನಮ್ಮ ಕಚೇರಿಯ ಮುಖ್ಯಸ್ಥರು. ನಾಲ್ಕು ತಿಂಗಳ ಮೊತ್ತ ಸರಿಹೋದರೆ ಅವರಿಗೆ ಎಲ್ಲವೂ ಸರಿ. ತಿಂಗಳಿಡೀ ಉಪವಾಸ ಕೆಡವಿ ಕೊನೇ ದಿನ ಮೂವತ್ತು ದಿನದ ಅನ್ನ ಒಟ್ಟಿಗೆ ತುರುಕಿದರೂ ಸರಾಸರಿ ಊಟ ಸರಿಯೇ ಇರುತ್ತದೆ. ಮುಖಕ್ಕೆ ಹೇಳಬೇಕಿತ್ತು. ಹೇಳಲಿಲ್ಲ.


ಆಗಸ್ಟ್ 7

ಸಂಜೆ ಅಕ್ಕನ ಮನೆಗೆ. ಮನೆ ಎಂದರೆ ಆಸ್ಪತ್ರೆಯಂಥದ್ದು — ಕೆಳಬೀದಿಯಲ್ಲಿ, ನದಿಯಿಂದ ಎರಡು ಗಲ್ಲಿ ಈಚೆಗೆ. ಲಕ್ವ ಹೊಡೆದು ಭಾವ ಹಾಸಿಗೆ ಹಿಡಿದ ಮೇಲೆ ಶುರು ಮಾಡಿದಳು. ಒಬ್ಬರನ್ನು ನೋಡಿಕೊಳ್ಳುವವಳು ಇನ್ನೊಬ್ಬರನ್ನೂ ನೋಡಬಹುದು ಎಂದು ಇನ್ನೊಬ್ಬರು, ಮತ್ತೊಬ್ಬರು... ಈಗ ಮೂವತ್ತೆರಡು ಹಾಸಿಗೆ. ಅದರಲ್ಲಿ ಹತ್ತೊಂಬತ್ತು ಜನ ತಾವಾಗಿ ಮಗ್ಗುಲು ಕೂಡ ಬದಲಿಸಲಾರರು. ಎಲ್ಲ ನೆಲಮಹಡಿ. ಮೇಲೆ ಶೀಟಿನ ಮಾಡು, ಅಷ್ಟೆ.

ಬಾಗಿಲ ಪಕ್ಕ ನಮ್ಮ ಕಚೇರಿಯ ಸೂಚನಾ ಹಾಳೆ. ಫ್ರೇಮ್ ಹಾಕಿಸಿದ್ದಾಳೆ! “ಬೆಟ್ಟದಲ್ಲಿ ಇನ್ನೂರು ಮಿಲಿಮೀಟರ್ ದಾಖಲಾದ ಮೇಲೆ ಕೆಳಬೀದಿಗೆ ನೀರು ತಲುಪಲು ಮೂವತ್ತಾರು ಗಂಟೆ.” ನನ್ನ ಲೆಕ್ಕ ಅದು. ಅಕ್ಕನಿಗೋಸ್ಕರವೇ ಹಠ ಹಿಡಿದು ಮಾಡಿಸಿದ್ದು. ಅದಕ್ಕೂ ಮುಂಚೆ ಬರೀ ಮುನ್ಸೂಚನೆ ನಂಬಿ ಎರಡು ಸಲ ಎಲ್ಲರನ್ನೂ ಗುಡ್ಡದ ಶಾಲೆಗೆ ಸಾಗಿಸಿದ್ದಳು. ಒಂದೇ ಆಂಬ್ಯುಲೆನ್ಸ್, ಪ್ರತಿ ಸಲ ಹನ್ನೊಂದು ಗಂಟೆ ಹಿಡಿಯಿತು. ಎರಡು ಸಲವೂ ನೀರು ಬರಲಿಲ್ಲ. ಎರಡನೇ ಸಲ ಒಬ್ಬ ಅಜ್ಜ ದಾರಿಯಲ್ಲೇ ಹೋಗಿಬಿಟ್ಟರು.

“ಈಗ ನಂಗೆ ನಿದ್ದೆ ಬರತ್ತೆ ಕಣೇ,” ಎಂದಳು ಹಾಳೆ ತೋರಿಸಿ. “ಇನ್ನೂರು ಅಂದ್ರೆ ಏಳೋದು. ಇಲ್ಲಾಂದ್ರೆ ಮಲಗೋದು.”


ಆಗಸ್ಟ್ 10, ಮಧ್ಯಾಹ್ನ 1.30

ಊಟ ಬಿಟ್ಟು ಮೂರು ಸಲ ಲೆಕ್ಕ ಹಾಕಿದೆ. ಸಿಟ್ಟಿಗೋ ಹೆದರಿಕೆಗೋ ತಿಳಿಯುತ್ತಿಲ್ಲ.

ಬ್ರೇಕ್ ಮುಗಿದಾಗಲೆಲ್ಲ ಬಂದ ನೆರೆಗಳನ್ನು ಒಟ್ಟು ಹಾಕುತ್ತಿದ್ದೆ. ನದಿ ಸೆಕ್ಷನ್ನಿನ ಮೊಸಳೆ ಗಂಟೆಗಂಟೆಯ ನೀರಿನ ಮಟ್ಟ ಕೊಟ್ಟರು (ಮಾತಾಡುವುದೇ ಇಲ್ಲ, ಆಡಿದರೆ ಕಚ್ಚುವುದೇ, ಅದಕ್ಕೆ ಆ ಹೆಸರು). ಹಳೆಯ ಹದಿನಾಲ್ಕು ನೆರೆಗಳಲ್ಲೂ ಬೆಟ್ಟದ ಮಳೆಗೂ ಕೆಳಗಿನ ನೀರಿಗೂ ಮೂವತ್ತಾರು ಗಂಟೆ ಅಂತರ. ಬೆಟ್ಟದಲ್ಲಿ ಆಟೊಮ್ಯಾಟಿಕ್ ಯಂತ್ರ ಕೂತು ಎರಡು ವರ್ಷ. ಆಮೇಲೆ ಎರಡು ಸಣ್ಣ ನೆರೆ ಬಂದಿವೆ, ಕೆಳಬೀದಿ ಮುಟ್ಟಿದ್ದಲ್ಲ. ಅವೆರಡರಲ್ಲೂ ಅಂತರ ಹನ್ನೆರಡು.

ಸರಿಯಾಗಿ ಇಪ್ಪತ್ತನಾಲ್ಕು ಗಂಟೆ ಕಡಿಮೆ. ಯಾವ ನದಿಯೂ ದಿನ ಎಣಿಸಿಕೊಂಡು ಓಟ ಹೆಚ್ಚಿಸುವುದಿಲ್ಲ. ತಾರೀಖು ತಪ್ಪಿದೆ. ಕಂಪ್ಯೂಟರಿಗೆ ಏರಿಸುವಾಗ ಬೆಟ್ಟದ ಹಳೆಯ ಮಳೆಯನ್ನೆಲ್ಲ ಯಾರೋ ಒಂದು ದಿನ ಮುಂಚೆ ಕೂರಿಸಿದ್ದಾರೆ.

ಮೊಸಳೆ ಪೇಪರ್ ನೋಡಿ ಒಂದೇ ಮಾತು ಹೇಳಿದರು: “ಇದು ಯಾರ ಘನಕಾರ್ಯ?”

ಟೈಪಿಸ್ಟಮ್ಮನದು, ಇನ್ಯಾರದು. ಆಗ ಹಳೆಯ ರಿಜಿಸ್ಟರುಗಳನ್ನೆಲ್ಲ ಟೈಪ್ ಮಾಡಿದ್ದು ಅವಳೇ. ರಿಟೈರ್ ಆಗಿ ಹಾಯಾಗಿದ್ದಾಳೆ. ಗಮನವಿಟ್ಟು ಒಂದು ಕೆಲಸ ಮಾಡಿದವಳಲ್ಲ. ಅಕ್ಕನಿಗೆ ಮೂವತ್ತಾರು ಗಂಟೆ ಇಲ್ಲ, ಹನ್ನೆರಡು ಇದೆ. ಎಲ್ಲರನ್ನೂ ಸಾಗಿಸಲು ಹನ್ನೊಂದು ಬೇಕು!


ಆಗಸ್ಟ್ 11

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಮೇಡಂ, ಸೀಸನ್ ಮಧ್ಯದಲ್ಲಿ ನಿಯಮ ಬದಲಾಯಿಸಿದ್ರೆ ಜನ ಏನಂತಾರೆ?”

“ಬದುಕಿದ್ರೆ ಏನಾದ್ರೂ ಅನ್ನಲಿ, ಸರ್.”

“ಮೂಲ ರಿಜಿಸ್ಟರ್ ನೋಡಿದೀರಾ? ಬರೀ ಎರಡು ನೆರೆ ಇಟ್ಕೊಂಡು ಇಪ್ಪತ್ತು ವರ್ಷದ ಲೆಕ್ಕ ತಪ್ಪು ಅಂದ್ರೆ ಹೇಗೆ? ಕಮಿಟಿ ಮಾಡೋಣ. ಮಳೆಗಾಲ ಮುಗೀಲಿ. ಅಲ್ಲೀವರೆಗೆ ಹೊರಗೆ ಮಾತು ಬೇಡ.”

ಹೊರಗೆ ಬಂದು ಬಾಗಿಲು ಎಳೆದ ರಭಸಕ್ಕೆ ಅವರ ನಾಮಫಲಕ ಕೆಳಗೆ ಬಿತ್ತು. ಎತ್ತಿಡಲಿಲ್ಲ. ರಿಜಿಸ್ಟರ್ ಬೇಕಂತೆ, ರಿಜಿಸ್ಟರ್. ತಂದು ಮೂಗಿಗೆ ಹಿಡಿಯುತ್ತೇನೆ. ಟೈಪಿಸ್ಟಮ್ಮನ ಹೆಸರು ಕೆಂಪು ಪೆನ್ನಿನಲ್ಲಿ ಬರೆದು.


ಆಗಸ್ಟ್ 12, ಮಧ್ಯಾಹ್ನ 12.45

ರೆಕಾರ್ಡ್ ರೂಮಿನ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಟ್ಟದ ರಿಜಿಸ್ಟರ್ ಸಿಕ್ಕಿತು. ಅಲ್ಲಿ ಮಳೆ ಅಳೆಯುತ್ತಿದ್ದವರು ಒಬ್ಬ ಮೇಷ್ಟ್ರು. ಮೊದಲ ಪುಟದಲ್ಲೇ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಾರೆ: “ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆಯನ್ನು ಹಿಂದಿನ ದಿನದ ಎದುರಿಗೆ ಬರೆದಿದ್ದೇನೆ, ಬಿದ್ದದ್ದು ಆ ದಿನವಾದ್ದರಿಂದ.” ಉಳಿದ ಕಡೆ ಎಲ್ಲರೂ ಅಳೆದ ದಿನದ ಎದುರಿಗೇ ಬರೆಯುತ್ತಾರೆ. ಅವನ್ನು ಒಂದು ದಿನ ಹಿಂದಕ್ಕೆ ಹಾಕಬೇಕು. ಮೇಷ್ಟ್ರು ಆ ಕೆಲಸವನ್ನು ತಾವೇ ಮಾಡಿಟ್ಟಿದ್ದರು. ಸರಿಯಿದ್ದದ್ದನ್ನು ಯಾರೋ ಮತ್ತೆ ಸರಿಮಾಡಿದ್ದಾರೆ.

ರಿಜಿಸ್ಟರಿಗೆ ಪಿನ್ ಮಾಡಿದ ಚೀಟಿ ಇದೆ. “ಟೈಪಿಸ್ಟರ ಗಮನಕ್ಕೆ: ಎಲ್ಲ ತಾರೀಖೂ ಒಂದು ದಿನ ಹಿಂದಕ್ಕೆ.” ಕೆಳಗೆ ಸಹಿ.

ನನ್ನ ಸಹಿ.

ಹತ್ತೊಂಬತ್ತು ವರ್ಷದ ಹಿಂದೆ. ಕೆಲಸಕ್ಕೆ ಸೇರಿ ಮೂರು ತಿಂಗಳು. ಎಲ್ಲರಿಗಿಂತ ಜಾಣೆ ಎಂದುಕೊಂಡಿದ್ದ ಕಾಲ. ಮೊದಲ ಪುಟ ಓದುವಷ್ಟು ಪುರುಸೊತ್ತಿರಲಿಲ್ಲ ಈ ಮಹಾರಾಯಿತಿಗೆ. ಪಾಪ, ಟೈಪಿಸ್ಟಮ್ಮ ಹೇಳಿದ್ದನ್ನು ಹೇಳಿದ ಹಾಗೆ ವರ್ಷ ವರ್ಷವೂ ಮಾಡಿದಳು. ಎರಡು ದಿನ ಅವಳನ್ನು ಮನಸ್ಸಿನಲ್ಲೇ ಎಷ್ಟು ಬೈದೆ! ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತಿದೆ.


ಆಗಸ್ಟ್ 12, ಸಂಜೆ 7

ಅಕ್ಕನ ಹತ್ತಿರ ಹೋದೆ. ಗೋಡೆಯ ಹಾಳೆಗೆ ಕೈ ಹಾಕಿದೆ.

“ಏಯ್, ಏನ್ ಮಾಡ್ತಿದೀಯಾ?”

“ಇದು ತಪ್ಪು ಅಕ್ಕಾ. ಹನ್ನೆರಡೇ ಗಂಟೆ. ಇನ್ನೊಂದು ವಾರದಲ್ಲಿ ದೊಡ್ಡ ಮಳೆ ಬರತ್ತೆ. ರಸ್ತೆ ಒಣಗಿರುವಾಗಲೇ ಎಲ್ಲರನ್ನೂ ಶಾಲೆಗೆ ಸಾಗಿಸು.”

“ಯಾರು ಹೇಳಿದ್ದು ತಪ್ಪು ಅಂತ? ನೀನೇ ತಾನೆ ಲೆಕ್ಕ ಮಾಡಿದ್ದು?”

ಆಗ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಭಾವ ಮೂರನೇ ಹಾಸಿಗೆಯಿಂದ ನೋಡುತ್ತಿದ್ದರು. ಮಾತು ಹೋಗಿದೆ, ಕಿವಿ ಚುರುಕು. ಅವರಿಗೆ ನಾನು ಮನೆಯ ಮೇಧಾವಿ.

“ಯಾರೋ ಗುಮಾಸ್ತ ತಾರೀಖು ತಪ್ಪು ಹಾಕಿದಾನೆ, ಹಳೇ ಕಾಲದಲ್ಲಿ,” ಎಂದೆ.

ಅಕ್ಕ ಸೊಂಟಕ್ಕೆ ಕೈ ಕೊಟ್ಟಳು. “ಯಾರೋ ಗುಮಾಸ್ತನ ಕಥೆ ಕೇಳ್ಕೊಂಡು ಮೂರನೇ ಸಲ ಇವರನ್ನೆಲ್ಲ ಎತ್ತಾಡಿಸ್ಲಾ? ಆ ಅಜ್ಜನ ಮಗಳು ಇನ್ನೂ ನನ್ನ ಮುಖ ನೋಡಲ್ಲ. ನಿಮ್ಮ ಸಾಹೇಬ್ರ ಹತ್ರ ಒಂದು ಲೆಟರ್ ತಗೊಂಡ್ ಬಾ, ನಾಳೆನೇ ಹೊರಡ್ತೀನಿ.”

ಲೆಟರ್ ಅಂತೆ. ಕೂಗಾಡಿದೆ. ಅವಳೂ ಕೂಗಾಡಿದಳು. ಐದನೇ ಹಾಸಿಗೆಯ ಟೀಚರಮ್ಮ “ಸೈಲೆನ್ಸ್!” ಎಂದರು. ಇಬ್ಬರೂ ಬಾಯಿ ಮುಚ್ಚಿದೆವು. ಹಾಳೆ ಗೋಡೆಯ ಮೇಲೇ ಇದೆ.


ಆಗಸ್ಟ್ 17

ನಾಲ್ಕು ದಿನ ಏನೂ ಬರೆಯಲಿಲ್ಲ. ಈ ಪುಸ್ತಕ ತೆರೆದರೆ ಹನ್ನೆರಡನೇ ತಾರೀಖು ಕಾಣುತ್ತದೆ.

ಹೊಸ ಪಟ್ಟಿ ಹತ್ತಿರ ಬಂದಿದೆ. ಉಪಗ್ರಹದ ಚಿತ್ರದಲ್ಲಿ ಬೆಳ್ಳಗೆ, ದಪ್ಪಗೆ, ಸಮುದ್ರದ ಈ ತುದಿಯಿಂದ ಆ ತುದಿಗೆ. ಸಮುದ್ರ ಈ ವರ್ಷ ವಾಡಿಕೆಗಿಂತ ಬಿಸಿ. ಕುಡಿದುಕೊಂಡೇ ಬರುತ್ತಿದೆ. ಇಪ್ಪತ್ತಕ್ಕೆ ಬೆಟ್ಟ ಮುಟ್ಟಬೇಕು.

ಚೀಟಿ, ರಿಜಿಸ್ಟರ್ ಎರಡೂ ನನ್ನ ಬೀರುವಿನಲ್ಲಿ. ಸಾಹೇಬರ ಮುಂದೆ ಇಟ್ಟರೆ ಲೆಟರ್ ಸಿಗಬಹುದು. ನನ್ನ ಸಹಿಯೂ ಜೊತೆಗೆ ಹೋಗುತ್ತದೆ. ಮೂರು ಸಲ ಬೀರು ತೆರೆದೆ, ಮೂರು ಸಲ ಮುಚ್ಚಿದೆ. ಅವರನ್ನು ಮನಸ್ಸಿನಲ್ಲೇ ಹೇಡಿ ಎಂದು ಬೈದವಳು ನಾನು. ಥೂ.


ಆಗಸ್ಟ್ 20, ಸಂಜೆ 5

ಮಧ್ಯಾಹ್ನದಿಂದ ಬೆಟ್ಟದಲ್ಲಿ ಮಳೆ. ಅಕ್ಕನಿಗೆ ಫೋನ್ ಮಾಡಿದೆ. “ಎಷ್ಟಾಯ್ತು?” “ಅರವತ್ತು.” “ಇನ್ನೂರಾದ್ಮೇಲೆ ಹೇಳು,” ಎಂದು ಇಟ್ಟೇಬಿಟ್ಟಳು.


ಆಗಸ್ಟ್ 21, ಬೆಳಿಗ್ಗೆ 10.50

ಎಂಟೂವರೆಗೆ ಬೆಟ್ಟ — 231. ಇನ್ನೂರು ಬೆಳಗಿನ ಆರಕ್ಕೇ ದಾಟಿದೆ, ನಾನು ನೋಡಿದ್ದು ಈಗ.

ರಿಜಿಸ್ಟರ್ ಎತ್ತಿಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ. ಚೀಟಿ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ, ಅದು ಇನ್ನೂ ಉರಿಸಿತು. ಲೆಟರಿನಲ್ಲಿ “ತಪ್ಪು” ಎಂದಿರಬೇಕೋ “ಪರಿಷ್ಕರಣೆ” ಎಂದಿರಬೇಕೋ — ಅದಕ್ಕೇ ಒಂದೂವರೆ ಗಂಟೆ! ಕೊನೆಗೆ ಲೆಟರ್ ಬಿಟ್ಟು ಎದ್ದು ಬಂದೆ. ಆಟೋದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಅಕ್ಕನಿಗೆ ಫೋನ್ ಮಾಡಿದೆ.

“ಇನ್ನೂರು ದಾಟಿದೆ. ಮೂವತ್ತಾರು ಇಲ್ಲ ಅಕ್ಕಾ, ನಿಜವಾಗ್ಲೂ ಇಲ್ಲ. ಆ ಗುಮಾಸ್ತ ಯಾರೂ ಅಲ್ಲ. ನಾನೇ.”

ಆ ಕಡೆ, ಹಿಂದೆ ಯಾರೋ ಕೆಮ್ಮುತ್ತಿದ್ದರು.

“ಯಾವತ್ತು ಗೊತ್ತಾಯ್ತು ನಿಂಗೆ?”

“ಇವತ್ತು... ಇವತ್ತು ಬೆಳಿಗ್ಗೆ.”

“ಸರಿ. ಬಾ, ಕೈ ಸಾಲಲ್ಲ ಇಲ್ಲಿ.”

ಸುಳ್ಳು ಅಷ್ಟು ಸಲೀಸಾಗಿ ಬಂತು. ಯೋಚನೆಯನ್ನೇ ಮಾಡಲಿಲ್ಲ.


ಆಗಸ್ಟ್ 22, ಬೆಳಿಗ್ಗೆ 6.40

ಗುಡ್ಡದ ಶಾಲೆ. ವರಾಂಡದ ಬೆಂಚು. ಮಳೆ ಸಣ್ಣಗಾಗಿದೆ.

ಒಂದೇ ಆಂಬ್ಯುಲೆನ್ಸ್, ಕೆಸರು, ಜಾಮ್. ಸಂಜೆ ಆರಕ್ಕೆ ಗಲ್ಲಿಯಲ್ಲಿ ನೀರು ಕಂಡಿತು. ಏಳಕ್ಕೆ ಮಂಡಿಯವರೆಗೆ. ಇನ್ನೂ ಐವರು ಒಳಗೆ. ಅಕ್ಕ ಭಾವನನ್ನು ಕೊನೆಗೆ ಇಟ್ಟುಕೊಂಡಿದ್ದಳು, ತನ್ನ ಗಂಡ ಎಂದು ಮೊದಲು ಕಳಿಸಿದರೆ ಸರಿಯಲ್ಲವಂತೆ. ಆಂಬ್ಯುಲೆನ್ಸ್ ಮತ್ತೆ ಒಳಗೆ ಬರಲಿಲ್ಲ. ಬಾಗಿಲ ಹಲಗೆಗಳ ಮೇಲೆ ಹೊತ್ತೆವು — ನಾನು, ಅಕ್ಕ, ಡ್ರೈವರ್, ಪಕ್ಕದ ಗ್ಯಾರೇಜಿನವರು ಇಬ್ಬರು. ಭಾವ ಬಂದರು. ಅವರೂ ಸೇರಿ ನಾಲ್ವರು ಬಂದರು. ಟೀಚರಮ್ಮ ಶಾಲೆಯ ಮೆಟ್ಟಿಲಿನವರೆಗೆ ಉಸಿರಾಡುತ್ತಿದ್ದರು. ಮೆಟ್ಟಿಲ ಮೇಲೆ ನಿಂತುಹೋಯಿತು. ಅವರ ತಲೆಯ ಕಡೆ ಹಿಡಿದಿದ್ದವಳು ನಾನು. ಹತ್ತು ದಿನ ಮುಂಚೆ, ಒಣ ರಸ್ತೆಯಲ್ಲಿ, ಕೂತು ಹರಟುತ್ತಾ ಬರಬಹುದಾಗಿದ್ದ ದಾರಿ ಅದು. ಸಾಹೇಬರ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಬರುತ್ತಿಲ್ಲ. ಎಲ್ಲ ಸಿಟ್ಟೂ ಒಬ್ಬಳ ಮೇಲೇ.

ಈಗಷ್ಟೇ ಅಕ್ಕ ಬಂದು ಪಕ್ಕದಲ್ಲಿ ಕೂತಿದ್ದಳು. ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಬೆನ್ನ ಮೇಲೆ ಕೈಯಿಟ್ಟಳು.

“ನೀನೇ ಮಾಡಿದ್ದು ಅಂತ ಆವತ್ತೇ ಹೇಳಿದ್ದಿದ್ರೆ ಎದ್ದುಬಿಡ್ತಿದ್ದೆ ಕಣೇ. ನಿನ್ನ ತಪ್ಪು ಅಂದ್ರೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ? ಯಾರೋ ಗುಮಾಸ್ತ ಅಂದೆ, ನಂಬ್ಲಿಲ್ಲ. ಹೋಗ್ಲಿ ಬಿಡು, ಅಳ್ಬೇಡ. ನಿಂಗೂ ನಿನ್ನೆ ಬೆಳಿಗ್ಗೆನೇ ತಾನೆ ಗೊತ್ತಾಗಿದ್ದು.”

ತಲೆಯಾಡಿಸಿದೆ. ಹೌದು ಎಂದು ತಲೆಯಾಡಿಸಿಬಿಟ್ಟೆ!

ಅವಳು ಟೀ ತರಲು ಹೋಗಿದ್ದಾಳೆ. ಹೇಳಬೇಕಾದ ಮಾತನ್ನು ಇಲ್ಲಿ ಬರೆದು ನೋಡುತ್ತೇನೆ, ಬಾಯಿ ಮತ್ತೆ ಜಾರದ ಹಾಗೆ. ಅಕ್ಕಾ, ನಿನ್ನೆಯಲ್ಲ. ಮಧ್ಯಾಹ್ನ ಚೀಟಿ ಸಿಕ್ಕಿತು, ಅದೇ ಸಂಜೆ ನಿನ್ನ ಮುಂದೆ ನಿಂತಿದ್ದೆ. ಗೊತ್ತಿದ್ದೇ ನಿಂತಿದ್ದೆ. ಟೀಚರಮ್ಮ ಸೈಲೆನ್ಸ್ ಎಂದಾಗಲೂ ಗೊತ್ತಿತ್ತು.

ಎರಡು ಲೋಟ ಹಿಡಿದು ಬರುತ್ತಿದ್ದಾಳೆ. “ನಿಂಗೆ ಸಕ್ಕರೆ ಜಾಸ್ತಿ ಹಾಕಿದೀನಿ” ಅಂತ ದೂರದಿಂದಲೇ ಹೇಳುತ್ತಿದ್ದಾಳೆ. ಪುಸ್ತಕ ಮುಚ್ಚಲಾರೆ. ಅಕ್ಕಾ, ಹನ್ನೆರಡನೇ ತಾರೀ