ಉಪ್ಪುನೀರಿಗೂ ಬೆಳಕು

ಜೂನ್ 3, ಸೋಮವಾರ. ಬೆಳಿಗ್ಗೆ 10.40

ಹಾಲು ಹಿಂಡಿ ಆಯಿತು. ಸ್ಟೋರ್ ರೂಮಿನಲ್ಲಿ, ಕೈಗವಸಿನ ಡಬ್ಬಗಳ ನಡುವೆ, ಬಾಗಿಲಿಗೆ ಸ್ಟೂಲು ಒತ್ತಿಟ್ಟು. ಎರಡು ಬಾಟಲಿ. ಲ್ಯಾಬಿನ ಫ್ರಿಜ್ಜಿನಲ್ಲಿ ಹೊಟ್ಟೆಗೆ ಹೋಗುವ ಯಾವುದನ್ನೂ ಇಡುವಂತಿಲ್ಲ. ಐಸ್ ತುಂಬಿದ ಟಿಫಿನ್ ಡಬ್ಬಿಯೇ ಗತಿ.

ಹೆರಿಗೆ ರಜೆ ಮುಗಿಸಿ ಬಂದು ಮೂರನೇ ವಾರ. ನಿನ್ನೆಯೂ ನಿದ್ದೆಯಿಲ್ಲ. ಟಗರು — ಐದು ತಿಂಗಳ ಮಗಳು, ತಲೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಾಳೆಂದು ಅವಳಪ್ಪ ಇಟ್ಟ ಹೆಸರು — ಕುಂಯ್ ಎಂದರೆ ಸಾಕು, ಎದ್ದು ಕೂತಿರುತ್ತೇನೆ.

ಮೇಡಂ ಕರೆಸಿದ್ದರು. ನನ್ನ ಗೈಡ್. ಗ್ರಾಫನ್ನು ಮೇಜಿನ ಮೇಲೆ ಹರಡಿದರು.

"ಹಾರ್ಮೋನ್ ಹಾಕಿದ್ರೂ ಬೆಳಕು. ಬರೀ ಉಪ್ಪುನೀರು ಹಾಕಿದ್ರೂ ಬೆಳಕು. ಏನಮ್ಮ ಇದು, ಸೀರಿಯಲ್ ಲೈಟಾ?"

"ರಜೆಗೆ ಮುಂಚೆ ಸರಿಯಾಗಿ ಬಂದಿತ್ತು ಮೇಡಂ."

"ಬಂದಿತ್ತು. ಈಗ ಬರ್ತಿಲ್ಲ. ಕಮಿಟಿಯವರು ಯಾವುದನ್ನ ನಂಬಬೇಕು?"

ಇಪ್ಪತ್ತೊಂದಕ್ಕೆ ಕಮಿಟಿ. ಅಷ್ಟರಲ್ಲಿ ಉಪ್ಪುನೀರಿಗೆ ಕತ್ತಲೆ, ಹಾರ್ಮೋನಿಗೆ ಮಾತ್ರ ಬೆಳಕು ಬರಬೇಕು. ಇಲ್ಲವಾದರೆ ಥೀಸಿಸ್ಸಿನ ಮೂರನೇ ಅಧ್ಯಾಯ ಕೈಬಿಡಬೇಕು. ಎರಡು ವರ್ಷದ ಕೆಲಸ.

ಬಿಡುವುದಿಲ್ಲ.

ಜೂನ್ 4. ಸಂಜೆ 6.15

ಅತ್ತೆ ಕೇಳಿದರು — "ಅದೇನು ಬೆಳಗ್ಬೇಕು, ಅದೇನು ಬೆಳಗಬಾರ್ದು, ನನಗೂ ಸ್ವಲ್ಪ ಹೇಳು." ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಲೈನ್ ಜೋಡಿಸಿದವರು. ಸುಮ್ಮನೆ ಬಿಡುವವರಲ್ಲ.

ಹೇಳಿದೆ. ತಟ್ಟೆಯಲ್ಲಿ ಬೆಳೆಸುವ ಜೀವಕೋಶಕ್ಕೆ ಕೊಬ್ಬಿನ ಚರ್ಮ. ಹಾರ್ಮೋನು ಹೊರಗೇ ನಿಂತು ಬಾಗಿಲು ತಟ್ಟುತ್ತದೆ, ಒಳಗೆ ಬರುವುದಿಲ್ಲ. ಆ ಚರ್ಮದ ಒಳಮೈಯಲ್ಲಿ ಒಂದು ಲಿಪಿಡ್, ಅಂದರೆ ಕೊಬ್ಬಿನ ಕಣ, ಇದೆ, ಬಹಳ ಕಡಿಮೆ. ಅದರ ತಲೆ ಇನಾಸಿಟಾಲ್ ಎಂಬ ಸಕ್ಕರೆಯಂಥದ್ದು. ಬಾಗಿಲು ತಟ್ಟಿದ್ದೇ ತಡ, ಒಂದು ಕಿಣ್ವ ಬಂದು ಆ ತಲೆಯನ್ನು ಕತ್ತರಿಸುತ್ತದೆ. ಬಾಲ ಚರ್ಮದಲ್ಲೇ ಉಳಿಯುತ್ತದೆ. ತಲೆ ಮೂರು ಫಾಸ್ಫೇಟ್ ಹೊತ್ತುಕೊಂಡು ಒಳಕ್ಕೆ ಓಡುತ್ತದೆ. ಅದಕ್ಕೆ ಐಪಿ-ಥ್ರೀ ಎನ್ನುತ್ತೇವೆ. ಓಡಿ ಹೋಗಿ ಕ್ಯಾಲ್ಸಿಯಂ ಉಗ್ರಾಣದ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ನುಗ್ಗಿ ಬಂದರೆ, ನಾನು ಮೊದಲೇ ತುಂಬಿಟ್ಟ ಬಣ್ಣ ಹಸಿರಾಗಿ ಹೊಳೆಯುತ್ತದೆ.

"ಅಂದ್ರೆ ಫೋನ್ ಮಾಡಿದೋನು ಬಾಗಿಲಾಚೆ, ಲೈನ್ ಕೊಡೋಳು ಈ ಐಪಿ. ಅಯ್ಯೋ, ನನ್ನ ಕೆಲಸಾನೇ!" ಬಲು ಖುಷಿ. ಆಮೇಲೆ ಹುಬ್ಬು ಗಂಟಿಕ್ಕಿ, "ಹಾಗಾದ್ರೆ ನಿನ್ನ ಉಪ್ಪುನೀರಿನ ತಟ್ಟೆಗೆ ಯಾರೋ ಮೊದ್ಲೇ ಫೋನ್ ಮಾಡಿದಾರೆ ಕಣೆ."

ನಕ್ಕೆ. ಯಾರು ಮಾಡಿಯಾರು?

ಜೂನ್ 7. ಮಧ್ಯಾಹ್ನ 3.25

ಹೊಸ ಬಣ್ಣ. ಹೊಸ ಹಾರ್ಮೋನು. ಹೊಸದಾಗಿ ಮಾಡಿದ ಉಪ್ಪುನೀರು. ಹೆಚ್ಚಾದ ಬಣ್ಣವನ್ನು ಮೂರು ಸಲ ತೊಳೆಯಬೇಕು. ಹಾಳಾಗಿ ಹೋಗಲಿ ಎಂದು ನಾಲ್ಕು ಸಲ ತೊಳೆದೆ. ತೊಳೆದ ಕೂಡಲೇ ಮೈಕ್ರೋಸ್ಕೋಪಿಗೆ ಇಟ್ಟೆ. ಒಂದು ನಿಮಿಷವೂ ಪೋಲು ಮಾಡಲಿಲ್ಲ.

ಮೊದಲಿಗಿಂತ ಜಾಸ್ತಿ ಮಿಣುಕಿತು. ಉಪ್ಪುನೀರಿಗೆ!

ಮೂರೂವರೆಗೆ ಹೊರಡಲೇಬೇಕು. ಇವರಿಗೆ ಈ ತಿಂಗಳು ಸೆಕೆಂಡ್ ಶಿಫ್ಟ್. ಅತ್ತೆ ಒಬ್ಬರೇ. ಬಸ್ಸಿನಲ್ಲಿ ಅಳು ಬಂದರೆ ಕಿಟಕಿ ಪಕ್ಕ ಕೂರಬೇಕು, ಅಷ್ಟೇ.

ಜೂನ್ 13

ಟಗರಿಗೆ ಜ್ವರ. ಐದು ದಿನ ಹೋಯಿತು. ಈಗ ಇಳಿದಿದೆ. ಡಾಕ್ಟರು "ನಿಮ್ಮ ಕೈ ತಣ್ಣಗಿದೆಯಮ್ಮ, ಅದಕ್ಕೇ ಮಗು ಯಾವಾಗಲೂ ಬಿಸಿ ಅನ್ಸುತ್ತೆ" ಎಂದರು. ಎಂಟು ದಿನ ಉಳಿದಿದೆ.

ಜೂನ್ 15, ಶನಿವಾರ. ಬೆಳಿಗ್ಗೆ 7

ಅತ್ತೆಯ ಮೇಲೆ ರೇಗಿದೆ.

ಅವರು ಅಂದದ್ದು ಇಷ್ಟೇ — "ಅವಳು ನಿದ್ದೇಲಿ ಮುಲುಗಿದ್ಲು, ಅಷ್ಟೆ. ನೀನು ಹೋಗಿ ಹಣೆ ಮುಟ್ದೆ, ಡೈಪರ್ ನೋಡ್ದೆ, ಎತ್ಕೊಂಡೆ. ಈಗ ನೋಡು, ಪೂರ್ತಿ ಎದ್ಲು. ಎಬ್ಬಿಸಿದ್ದು ನೀನೇ ಕಣೆ."

"ನಿಮಗೇನು ಗೊತ್ತು?" ಅಂದುಬಿಟ್ಟೆ. ನಾಲ್ಕು ಮಕ್ಕಳನ್ನು ಸಾಕಿದವರಿಗೆ. ಅವರು ಬಟ್ಟೆ ಮಡಚತೊಡಗಿದರು. ಅನ್ನಬಾರದಿತ್ತು.

ಅದೇ ದಿನ, ಮಧ್ಯಾಹ್ನ 1.10

ಲ್ಯಾಬಿನಲ್ಲಿ ಯಾರೂ ಇಲ್ಲ. ಎರಡು ವರ್ಷದ ಹಿಂದಿನ ನೋಟ್‌ಬುಕ್ ತೆರೆದು ಕೂತಿದ್ದೇನೆ. ಸರಿಯಾಗಿ ಬಂದ ಪ್ರತಿಯೊಂದು ದಿನ.

ತೊಳೆದದ್ದು 2.05. ರೆಕಾರ್ಡಿಂಗ್ 2.50.
ತೊಳೆದದ್ದು 11.30. ರೆಕಾರ್ಡಿಂಗ್ 12.15.

ನಡುವಿನ ಮುಕ್ಕಾಲು ಗಂಟೆ ಏನು ಮಾಡಿದೆ? ಬರೆದಿಲ್ಲ. ಒಂದಕ್ಷರವೂ ಇಲ್ಲ. ಪುಟದ ಮೂಲೆಯಲ್ಲಿ ಮಾತ್ರ ಒಂದು ಗುಂಡನೆಯ ಕಂದು ಕಲೆ. ಮುಂದಿನ ಪುಟದಲ್ಲೂ.

ಚಹಾ! ಲ್ಯಾಬಿನಲ್ಲಿ ಚಹಾ ಕುಡಿಯುವಂತಿಲ್ಲ. ನೋಟ್‌ಬುಕ್ಕನ್ನೂ ಹೊತ್ತುಕೊಂಡು ಕ್ಯಾಂಟೀನಿಗೆ ಹೋಗುತ್ತಿದ್ದೆ. ಮಗು ಇರಲಿಲ್ಲ, ಅವಸರ ಇರಲಿಲ್ಲ. ತೊಳೆದು, ತಟ್ಟೆ ಮುಚ್ಚಿಟ್ಟು, ಹರಟೆ ಹೊಡೆದು ಬರುತ್ತಿದ್ದೆ.

ಈಗ? ಏಳನೇ ತಾರೀಕು ತೊಳೆದದ್ದು 2.18. ರೆಕಾರ್ಡಿಂಗ್ 2.22.

ನೀರು ರಭಸವಾಗಿ ಬಿದ್ದರೆ ಕೋಶಗಳು ಬೆಚ್ಚುತ್ತವೆ. ಬೆಚ್ಚಿದವು ಎಟಿಪಿ ಎಂಬ ಶಕ್ತಿಯ ಕಣ ಉಗುಳುತ್ತವೆ. ಆ ಎಟಿಪಿ ಹೋಗಿ ಪಕ್ಕದ ಕೋಶಗಳ ಬಾಗಿಲು ತಟ್ಟುತ್ತದೆ. ಅಲ್ಲೂ ಲಿಪಿಡ್ಡಿನ ತಲೆ ಕತ್ತರಿಸಿಹೋಗುತ್ತದೆ, ಕ್ಯಾಲ್ಸಿಯಂ ಬರುತ್ತದೆ, ಹಸಿರು ಹೊಳೆಯುತ್ತದೆ. ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬೆಚ್ಚಿದ್ದು ತಣ್ಣಗಾಗುವ ಮೊದಲೇ ನಾನು ಮತ್ತೆ ಪಿಪೆಟ್ ಹಿಡಿದು ಹೋಗುತ್ತಿದ್ದೆ. ನಾಲ್ಕನೇ ಸಲ ಬೇರೆ ತೊಳೆದೆ, ಮಹಾ ಜಾಣೆ.

ಫೋನ್ ಮಾಡುತ್ತಿದ್ದವಳು ನಾನೇ.

ಇನ್ನೂ ಊಹೆ ಅಷ್ಟೇ. ಮಾಡಿ ನೋಡಬೇಕು. ಆದರೆ ಅದಕ್ಕೆ ಒಂದು ಗಂಟೆ ಹೆಚ್ಚು ಬೇಕು. ಅತ್ತೆಯನ್ನು ಕೇಳಬೇಕು... ಯಾವ ಮುಖ ಇಟ್ಟುಕೊಂಡು?

ಜೂನ್ 16

ಕೇಳಿದೆ. ಮೊದಲು ತಪ್ಪಾಯಿತು ಅಂದೆ.

"ಎಷ್ಟು ಹೊತ್ತು?"

"ಒಂದು ಗಂಟೆ ಜಾಸ್ತಿ. ಬುಧವಾರ ಒಂದಿನ."

"ಡಬಲ್ ಡ್ಯೂಟಿ ಮಾಡಿದೋಳಿಗೆ ಒಂದು ಗಂಟೆ ಅಂತ ಬೇಡ್ಕೊಳ್ತಾಳೆ, ನೋಡು! ಹೋಗು. ಆದ್ರೆ ಹತ್ತು ನಿಮಿಷಕ್ಕೊಂದು ಸಲ ಫೋನ್ ಮಾಡ್ಬೇಡ. ಮಾಡಿದ್ರೂ ಎತ್ತಲ್ಲ. ನಿನ್ನ ಫೋನಿಗೇ ಮಗು ಏಳೋದು."

ಜೂನ್ 19, ಬುಧವಾರ. ಮಧ್ಯಾಹ್ನ 2.31

ಮೈಕ್ರೋಸ್ಕೋಪ್ ರೂಮು. ದೀಪ ಆರಿಸಿದೆ, ಪರದೆಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಮೂರೇ ಸಲ ತೊಳೆದೆ, ತಟ್ಟೆಯ ಅಂಚಿನಿಂದ, ಹನಿ ಹನಿಯಾಗಿ. ತೊಳೆದು ಕಾಲು ಗಂಟೆ ಆಯಿತು, ಇನ್ನು ಮೂವತ್ತು ನಿಮಿಷಕ್ಕೆ ಟೈಮರ್. ಕೈಗೆ ಕೆಲಸ ಬೇಕಲ್ಲ, ಅದಕ್ಕೇ ಈ ಡೈರಿ.

2.40. ಫೋನು ಬ್ಯಾಗಿನಲ್ಲಿ. ಬ್ಯಾಗು ಹೊರಗೆ ಬೀರುವಿನಲ್ಲಿ. ಬೀಗ ಹಾಕಿದ್ದೇನೆ.

2.47. ತಟ್ಟೆ ಒಣಗುತ್ತಿದ್ದರೆ? ಒಂದು ಸಲ ಮುಚ್ಚಳ ಎತ್ತಿ... ಇಲ್ಲ. ಕೂತಿರು.

2.55. ಮೇಡಂ ಬಂದರು. "ಯಾಕಮ್ಮ ಸುಮ್ನೆ ಕೂತಿದೀಯ?"

"ಚಹಾ ಕುಡೀತಿದೀನಿ ಮೇಡಂ."

ನನ್ನ ಬರಿಗೈ ನೋಡಿದರು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

3.02. ಉಪ್ಪುನೀರು ಬಿಟ್ಟೆ. ಅಂಚಿನಿಂದ. ಕತ್ತಲೆ.

3.05. ಕತ್ತಲೆ. ಒಂದೂ ಮಿಣುಕಿಲ್ಲ. ಮೇಡಂ ಕನ್ನಡಕ ಒರೆಸಿ ಮತ್ತೆ ನೋಡಿದರು.

3.07. ಇನ್ನೂ ಕತ್ತಲೆ.

3.08. ಹಾರ್ಮೋನು. ಅದೇ ಅಂಚಿನಿಂದ, ಅದೇ ಕೈ. ಮೇಡಂ ಮೆಲ್ಲಗೆ ಎಣಿಸುತ್ತಿದ್ದಾರೆ. ಎಂಟು, ಒಂಬತ್ತು, ಹತ್ತು. ಎಡಗಡೆ ಮೂಲೆಯಲ್ಲಿ ಒಂದು. ಅದರ ಪಕ್ಕದ್ದು. ಅದರ ಪಕ್ಕದ್ದೂ. ಈಗ ಪೂರ್ತಿ ತಟ್ಟೆ ಹಸಿರು.