ಗಾಡಿ ಈಗ ನೆಟ್ಟಗೆ ಓಡುತ್ತದೆ

ದೂರದ ಕೆಲಸದಲ್ಲಿರುವ ಮಗನಿಗೆ ಅಮ್ಮನ ಆಶೀರ್ವಾದ.

ನಮ್ಮ ಹಳೇ ಪಿಕಪ್ ಗಾಡಿ ಕುಡಿದವರ ಹಾಗೆ ರಸ್ತೆ ತುಂಬಾ ತೂರಾಡುತ್ತಿತ್ತಲ್ಲ, ಅದರ ರೋಗ ಸಿಕ್ಕಿತು. ನೀನು ಟೈರು ಬದಲಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ, ಕೊನೆಗೆ ನಿನ್ನ ಹೆಂಡತಿಯನ್ನು ತೋರಿಸಿ "ಗಾಡಿ ಸರಿಯಾಗೇ ಇದೆ, ಅವಳ ಕೈಯೇ ನೆಟ್ಟಗಿಲ್ಲ" ಅಂದೆ.

ಭಾನುವಾರ ನನ್ನ ಸೊಸೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಗಾಡಿಯಡಿ ಮಲಗಿದಳು. "ಅತ್ತೆ, ಸ್ಟಿಯರಿಂಗ್ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸ್ತಾ ಇರಿ" ಅಂದಳು. ನಿನ್ನ ತೊಟ್ಟಿಲು ತೂಗಿದ ಹಾಗೆಯೇ ಆಡಿಸಿದೆ. ಅವಳು ಒಂದೊಂದು ಕೀಲನ್ನೂ ಕೈಯಲ್ಲಿ ಹಿಡಿದು ನೋಡಿದಳು. ಎಲ್ಲ ಗಟ್ಟಿಯಾಗಿದ್ದವು. ಆದರೆ ಸ್ಟಿಯರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸ್ಟಿಯರಿಂಗ್ ಬಾಕ್ಸನ್ನು ಗಾಡಿಯ ಚೌಕಟ್ಟಿಗೆ ಬಿಗಿದಿದ್ದ ಬೋಲ್ಟುಗಳೇ ಸಡಿಲ! ಚಕ್ರ ತಿರುಗುವ ಮೊದಲು ಬಾಕ್ಸೇ ಅಲುಗಾಡುತ್ತಿತ್ತು. ಬಿಗಿ ಮಾಡಿದಳು. ಈಗ ಗಾಡಿ ಗೆರೆ ಎಳೆದ ಹಾಗೆ ಹೋಗುತ್ತದೆ.

ಬರುವಾಗ ಆ ನೆಟ್ಟಗಿಲ್ಲದ ಕೈಗಳಿಗೆ ಒಂದು ಜೊತೆ ಒಳ್ಳೇ ಗ್ಲೌಸ್ ತಾ. ಸಡಿಲವಿದ್ದ ಸ್ಟಿಯರಿಂಗನ್ನು ಅತ್ತಿತ್ತ ಎಳೆದಾಡಿದ ನಿನ್ನ ಅಭ್ಯಾಸಕ್ಕೆ ಗಾಡಿ ಈಗ ಚರಂಡಿಗಿಳಿದೀತು. ಅದಕ್ಕೇ ನಿನ್ನನ್ನು ಕರೆತರಲು ಸ್ಟೇಷನ್ನಿಗೆ ಅವಳೇ ಓಡಿಸಿಕೊಂಡು ಬರುತ್ತಾಳೆ. ಪಕ್ಕದ ಸೀಟು ನನ್ನದು. ನೀನು ಹಿಂದೆ ಸಾಮಾನಿನ ಜೊತೆ ಕೂತುಕೋ.

ಇಂತಿ,
ಸ್ಟಿಯರಿಂಗ್ ಆಡಿಸಿದ ನಿನ್ನ ಅಮ್ಮ